ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಳ್ಳುವ ಮುಂಚೆ ‘ಯಾವೂರು?’ ಅಂತ ಕೇಳಿ

ರೈಲಲ್ಲಿ ಪಕ್ಕ ಕೂತವರನ್ನು ನಮ್ಮ ಕಡೆಯವರು ಮೊದಲು ಕೇಳೋದು ಒಂದೇ ಪ್ರಶ್ನೆ. ಯಾವೂರು ನಿಮ್ದು? ಹೆಸರು, ಕೆಲಸ, ಮಕ್ಕಳು ಎಷ್ಟು ಅನ್ನೋದೆಲ್ಲ ಆಮೇಲೆ. ಪುಣೆಯಲ್ಲಿ ಹಳೇ ಗಾಡಿ ಹುಡುಕೋಕೆ ಶುರು ಮಾಡಿದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ ಪ್ರಶ್ನೆ. ಗಾಡಿ ಎಷ್ಟು ಓಡಿದೆ ಅಂತ ಎಲ್ಲರೂ ಕೇಳುತ್ತಾರೆ. ಎಲ್ಲಿ ಓಡಿದೆ, ಯಾರ ಕೈಲಿ ಓಡಿದೆ, ಮಳೆಗಾಲದಲ್ಲಿ ಎಲ್ಲಿ ನಿಂತಿತ್ತು ಅಂತ ಕೇಳುವವರು ಕಡಿಮೆ.

ನಾನಿರೋದು ಪುಣೆಯ ವಾಕಡ್‌ನಲ್ಲಿ, ಮನೆ ಹುಬ್ಬಳ್ಳಿ. ದೀಪಾವಳಿಗೆ, ಯುಗಾದಿಗೆ, ನಡುವೆ ಯಾರದ್ದಾದರೂ ಮದುವೆಗೆ, ವರ್ಷಕ್ಕೆ ಏನಿಲ್ಲವೆಂದರೂ ಆರೇಳು ಸಲ ನಾಲ್ಕುನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕು, ವಾಪಸ್ ಬರುವಾಗ ಡಿಕ್ಕಿಯಲ್ಲಿ ಜೋಳದ ಚೀಲ, ಅವ್ವ ಕಟ್ಟಿಕೊಟ್ಟ ಡಬ್ಬಿಗಳು. ಸಣ್ಣ ಕಾರು ಸಾಕಾಗಲಿಲ್ಲ. ಹೊಸದಕ್ಕೆ ದುಡ್ಡು ಸಾಕಾಗಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾಂಪ್ಯಾಕ್ಟ್ ಎಸ್‌ಯುವಿ.

ಮೊದಲು ಈ ಜಾತಿಯ ಗಾಡಿ ಎಲ್ಲಿಂದ ಬಂತು ಅಂತ ಹೇಳುತ್ತೇನೆ, ಯಾಕೆಂದರೆ ಬೆಲೆ ಅರ್ಥವಾಗೋದು ಅದರಿಂದಲೇ. ಕಾಂಪ್ಯಾಕ್ಟ್ ಎಸ್‌ಯುವಿಯನ್ನು ಎಂಜಿನಿಯರ್‌ಗಳಿಗಿಂತ ಜಾಸ್ತಿ ಹುಟ್ಟಿಸಿದ್ದು ತೆರಿಗೆ ಲೆಕ್ಕ. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಒಳಗಿರಬೇಕು. ಆಗ ಅದು ಸಣ್ಣ ಕಾರು, ತೆರಿಗೆ ಕಡಿಮೆ. ವೆನ್ಯೂ, ಸೋನೆಟ್, ಎಕ್ಸ್‌ಯುವಿ300 ಎಲ್ಲದರ ಉದ್ದ 3,995 ಮಿಲಿಮೀಟರ್ ಇರೋದು ಕಾಕತಾಳೀಯ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಇಂಥ ಹೊಸ ಗಾಡಿಗಳ ಮೇಲಿನ ಜಿಎಸ್‌ಟಿ 18%ಗೆ ಇಳಿಯಿತು. ಅದಕ್ಕೂ ಮುಂಚೆ ಸೆಸ್ ಸೇರಿ ಪೆಟ್ರೋಲ್‌ಗೆ 29%, ಡೀಸೆಲ್‌ಗೆ 31% ಇತ್ತು. ಲೆಕ್ಕ ಹಾಕಿ. ತೆರಿಗೆ ಬಿಟ್ಟು 7 ಲಕ್ಷದ ಪೆಟ್ರೋಲ್ ಗಾಡಿ ಮೊದಲು 9.03 ಲಕ್ಷ ಆಗುತ್ತಿತ್ತು, ಈಗ 8.26 ಲಕ್ಷ. ಹೊಸದೇ ಮುಕ್ಕಾಲು ಲಕ್ಷ ಇಳಿದ ಮೇಲೆ ಹಳೆಯದು ಇಳಿಯಲೇಬೇಕಲ್ವಾ? ಆದರೆ ಮಾರುವವರು ಇನ್ನೂ ತಮ್ಮ ಹಳೇ ಬಿಲ್ ಹಿಡಿದುಕೊಂಡು ಲೆಕ್ಕ ಹೇಳುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ಬೆಲೆಯಿಂದ ಕೆಳಗೆ ಲೆಕ್ಕ ಹಾಕಿ. ಒಂದು ಒಳಸುಳಿ ಇದೆ: ಬ್ರೆಝಾ ಪೆಟ್ರೋಲ್ ಕೂಡ 4 ಮೀಟರ್ ಒಳಗೇ ಇದೆ, ಆದರೆ ಅದರ ಎಂಜಿನ್ 1462 ಸಿಸಿ. ಅದಕ್ಕೆ ಈ 18% ಸಿಗಲಿಲ್ಲ, 45% ಇದ್ದದ್ದು 40% ಆಯಿತು ಅಷ್ಟೇ. ಹಾಗಾಗಿ ಅದರ ಹಳೇ ಗಾಡಿಯ ಬೆಲೆ ಬೇರೆಯದರಷ್ಟು ಜಗ್ಗಾಡೋಕೆ ಬರೋದಿಲ್ಲ.

ಈಗ ಊರಿನ ವಿಷಯ.

ಅಕ್ಕ-ಭಾವ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದಾರೆ. ಭಾವ ಮೊದಲು ತೋರಿಸಿದ್ದು ಅಂಧೇರಿಯ ಒಂದು ಗಾಡಿ, ಎಂಎಚ್ 02. ಐದು ವರ್ಷಕ್ಕೆ ಬರೀ 28 ಸಾವಿರ ಕಿಲೋಮೀಟರ್. ಕೇಳಿದ ಕೂಡಲೇ ಬಾಯಲ್ಲಿ ನೀರು ಬಂತು. ಆದರೆ ಮುಂಬೈಯ 28 ಸಾವಿರ ಅಂದರೆ ಏನು? ಹತ್ತು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ. ಚಕ್ರ ತಿರುಗಿದ್ದು ಕಡಿಮೆ, ಎಂಜಿನ್ ತಿರುಗಿದ್ದು ಜಾಸ್ತಿ. ಮೀಟರ್ ದೂರ ಅಳೆಯುತ್ತದೆ, ಗಂಟೆ ಅಳೆಯೋದಿಲ್ಲ. ಕ್ಲಚ್ ಪ್ಲೇಟ್, ಎಂಜಿನ್ ಮೌಂಟ್, ಎಸಿ ಕಂಪ್ರೆಸರ್, ಬ್ಯಾಟರಿ ಇವೆಲ್ಲ ಗಂಟೆ ಲೆಕ್ಕದಲ್ಲಿ ಸವೆಯುತ್ತವೆ. ಅದೇ ಹೈವೇಯಲ್ಲಿ 80 ಸಾವಿರ ಓಡಿದ ಗಾಡಿಯ ಕ್ಲಚ್ ಎಷ್ಟೋ ಸಲ ಇದಕ್ಕಿಂತ ಚೆನ್ನಾಗಿರುತ್ತದೆ. ನಾನಂತೂ ಕಡಿಮೆ ಓಡಿದ ಮುಂಬೈ ಗಾಡಿಗಿಂತ ಸರಿಯಾಗಿ ಸರ್ವಿಸ್ ಆದ, ಜಾಸ್ತಿ ಓಡಿದ ಹೈವೇ ಗಾಡಿಗೇ ಮತ ಹಾಕುತ್ತೇನೆ.

ಕ್ಲಚ್ ನೋಡೋಕೆ ಸುಲಭ ದಾರಿ ಇದೆ. ಸಪಾಟು ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ನಾಲ್ಕನೇ ಗೇರ್ ಹಾಕಿ, ಆಕ್ಸಿಲರೇಟರ್ ಜೋರಾಗಿ ಒತ್ತಿ. ಎಂಜಿನ್ ಸದ್ದು ಏರಿ, ಗಾಡಿ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಚಡಾವು ಇದ್ದರೆ ಇನ್ನೂ ಒಳ್ಳೆಯದು. ಪುಣೆಯವರಿಗೆ ಕಾತ್ರಜ್ ಘಾಟ್ ಹತ್ತಿರವೇ ಇದೆ.

ಮುಂಬೈ ಗಾಡಿಯ ಇನ್ನೊಂದು ಕಾಯಿಲೆ ಸಮುದ್ರದ ಗಾಳಿ. ವರ್ಸೋವಾ, ವರಳಿ ಕಡೆ ಬಯಲಲ್ಲಿ ನಿಂತ ಗಾಡಿಯ ಮೇಲ್ಭಾಗ ಪಾಲಿಶ್ ಹೊಡೆದು ಥಳಥಳ ಮಾಡಿರುತ್ತಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ಕೆಳಗೆ ನೋಡಿ: ಸೈಲೆನ್ಸರ್, ಸಸ್ಪೆನ್ಷನ್ ಬೋಲ್ಟ್, ಬ್ರೇಕ್ ಪೈಪ್. ಮೇಲ್ಮೈಯ ತುಕ್ಕು ಪರವಾಗಿಲ್ಲ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಪದರ ಪದರವಾಗಿ ಉದುರಿದರೆ ಬಿಟ್ಟುಬಿಡಿ.

ಗೋವಾದಲ್ಲಿ ಉಪ್ಪು ಗಾಳಿಯ ಜೊತೆ ಬಾಡಿಗೆಯ ಕಾಟವೂ ಇದೆ. ವಾಸ್ಕೋದಲ್ಲಿರುವ ನಮ್ಮೂರ ಗೆಳೆಯ ಮೊದಲೇ ಎಚ್ಚರಿಸಿದ್ದ. ಅಲ್ಲಿ ಪ್ರವಾಸಿಗರು ತಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಆದರೆ ಬಿಳಿ ಪ್ಲೇಟಿನ ಸ್ವಂತ ಗಾಡಿಯನ್ನೂ ಕದ್ದುಮುಚ್ಚಿ ಬಾಡಿಗೆಗೆ ಬಿಡುವವರಿದ್ದಾರೆ. ಅಂಥ ಗಾಡಿಯನ್ನು ದಿನಕ್ಕೊಬ್ಬ ಡ್ರೈವರ್ ಓಡಿಸಿರುತ್ತಾನೆ, ಯಾರಿಗೂ ಅದರ ಮೇಲೆ ಮಮತೆ ಇರೋದಿಲ್ಲ. ಡಿಕ್ಕಿಯ ಕಾರ್ಪೆಟ್ ಕೆಳಗೆ ಬೀಚ್ ಮರಳು, ನಾಲ್ಕೂ ರಿಮ್ ಅಂಚಿನಲ್ಲಿ ಉಜ್ಜಿದ ಗುರುತು, ವಯಸ್ಸಿಗೆ ಮೀರಿ ಹೊಳಪಾದ ಸ್ಟೇರಿಂಗ್. ಇಷ್ಟು ಒಟ್ಟಿಗೆ ಕಂಡರೆ ಅನುಮಾನ ಪಡಿ. ಟ್ಯಾಕ್ಸಿಯಾಗಿದ್ದು ಆಮೇಲೆ ಪ್ರೈವೇಟ್ ಆಗಿ ಬದಲಾದ ಗಾಡಿಗಳೂ ಬರುತ್ತವೆ. ಅದು ಕಾನೂನುಬದ್ಧವೇ, ಆದರೆ ಬೆಲೆ ಪ್ರೈವೇಟ್ ಗಾಡಿಯದ್ದಲ್ಲ.

ಇನ್ನು ನಮ್ಮ ಪುಣೆ. ಇಲ್ಲಿನ ಐಟಿ ಮಂದಿ ಡೀಸೆಲ್ ಗಾಡಿ ತೆಗೆದುಕೊಂಡು ವಾಕಡ್‌ನಿಂದ ಹಿಂಜವಡಿಗೆ ಆರೇಳು ಕಿಲೋಮೀಟರ್ ಓಡಿಸುತ್ತಾರೆ, ಸಂಜೆ ಮತ್ತೆ ಅಷ್ಟೇ. ಬಿಎಸ್6, ಅಂದರೆ ಈಗಿನ ಕಟ್ಟುನಿಟ್ಟಾದ ಹೊಗೆ ನಿಯಮದ ಡೀಸೆಲ್‌ಗೆ ಇದು ವಿಷ. 2020ರ ಏಪ್ರಿಲ್ 1ರಿಂದ ಬಂದ ಈ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಎಂಜಿನ್ ತಾನೇ ಅದನ್ನು ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿ ಆಗಬೇಕೆಂದರೆ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷವಾದರೂ ನಿಲ್ಲದೆ ಓಡಬೇಕು. ಹಿಂಜವಡಿ ಟ್ರಾಫಿಕ್‌ನಲ್ಲಿ ಎಲ್ಲಿಂದ ಬರಬೇಕು ಅದು? ಮಸಿ ತುಂಬುತ್ತಾ ಹೋಗುತ್ತದೆ, ದೀಪ ಹತ್ತುತ್ತದೆ, ಪಿಕಪ್ ಸಾಯುತ್ತದೆ. ಹೊಸ ಡಿಪಿಎಫ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕೆಲವರು ಅದನ್ನು ಕೊಯ್ದು ತೆಗೆಸಿಬಿಟ್ಟಿರುತ್ತಾರೆ. ಅದು ಕಾನೂನಿಗೆ ವಿರುದ್ಧ, ಮುಂದೆ ಪಿಯುಸಿ (ಹೊಗೆ ತಪಾಸಣೆ ಸರ್ಟಿಫಿಕೇಟ್) ತಲೆನೋವು ನಿಮ್ಮದೇ. ಹಾಗಾಗಿ ಬಿಎಸ್6 ಡೀಸೆಲ್ ನೋಡುತ್ತಿದ್ದರೆ ಮಾಲೀಕ ಎಲ್ಲಿಗೆ ಓಡಿಸುತ್ತಿದ್ದ ಅಂತ ಸುಮ್ನೆ ಮಾತಿಗೆ ಕೇಳಿದ ಹಾಗೆ ಕೇಳಿ. ವಾರಕ್ಕೊಮ್ಮೆ ಕೊಲ್ಹಾಪುರ, ನಾಸಿಕ್ ಅಂದರೆ ಖುಷಿಪಡಿ. ‘ಆಫೀಸಿಗೆ ಮಾತ್ರ ಸರ್, ಹತ್ತಿರವೇ’ ಅಂದರೆ ಹುಷಾರು.

ನನಗೆ ಸಿಕ್ಕ ದೊಡ್ಡ ಪಾಠವೂ ಪುಣೆಯದ್ದೇ. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಠಾ ನದಿ ಉಕ್ಕಿ ಸಿಂಹಗಡ ರಸ್ತೆಯ ಏಕತಾ ನಗರಿ ಕಡೆ ಸೊಸೈಟಿಗಳ ಒಳಗೇ ನೀರು ನುಗ್ಗಿತ್ತು. ಅದಾಗಿ ಕೆಲವು ತಿಂಗಳ ಮೇಲೆ ನಾನು ಒಬ್ಬ ಡೀಲರ್ ಹತ್ತಿರ ಹೋಗಿದ್ದೆ. 2022ರ ಮಾಡೆಲ್. ಬಾಡಿ ಕನ್ನಡಿ ಹಾಗೆ. ಮಾರ್ಕೆಟ್ ರೇಟಿಗಿಂತ 70 ಸಾವಿರ ಕಡಿಮೆ. ‘ಡಾಕ್ಟರ್ ಗಾಡಿ, ಸಿಂಗಲ್ ಓನರ್’ ಅಂದರು. (ಪುಣೆಯಲ್ಲಿ ಮಾರಾಟಕ್ಕಿರುವ ಪ್ರತಿ ಗಾಡಿಯೂ ಡಾಕ್ಟರದ್ದೇ. ಇಷ್ಟು ಡಾಕ್ಟರ್‌ಗಳಿದ್ದೂ ಆಸ್ಪತ್ರೆಯಲ್ಲಿ ಯಾಕೆ ಅಷ್ಟು ಹೊತ್ತು ಕಾಯಬೇಕೋ.) ಜೊತೆಗೆ ಭೋಸರಿಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರು ಬಾನೆಟ್ ತೆಗೆಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಪೂರ್ತಿ, ಕೊನೆಯ ತನಕ, ಎಳೆದರು. ದಿನಾ ಯಾರೂ ಎಳೆಯದ ಆ ಕೊನೆಯ ಒಂದು ಗೇಣಿನಲ್ಲಿ ಕಂದು ಬಣ್ಣದ ಗೆರೆ. ಮುಂದಿನ ಸೀಟು ಜರುಗುವ ಹಳಿಯಲ್ಲಿ ತುಕ್ಕು. ಸ್ಟೆಪ್ನಿ ಎತ್ತಿದರೆ ಬೋಲ್ಟ್ ಸಂದಿಯಲ್ಲಿ ಹಿಟ್ಟಿನಂಥ ನುಣುಪು ಮಣ್ಣು. ಡೀಲರ್ ಹೇಳಿದ, ಮಳೆಯಲ್ಲಿ ಕಿಟಕಿ ತೆರೆದಿತ್ತಂತೆ. ನಮ್ಮವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಅಂದರು: “ಸರ, ಕಿಡಕಿ ನೀರು ಮ್ಯಾಲಿಂದ ಕೆಳಗ ಬರ್ತದ. ಇದು ಕೆಳಗಿಂದ ಮ್ಯಾಲೆ ಬಂದೈತಿ.”

ಮುಳುಗಿದ ಗಾಡಿ ಯಾಕೆ ಬೇಡ? ಎಂಜಿನ್ ತೊಳೆದು ಸರಿ ಮಾಡಬಹುದು. ಆದರೆ ಈಗಿನ ಗಾಡಿಯ ವೈರಿಂಗ್ ಬಹಳಷ್ಟು ಕಾರ್ಪೆಟ್ ಕೆಳಗೇ ಹೋಗುತ್ತದೆ, ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ ನೆಲಮಟ್ಟದಲ್ಲೇ ಕೂತಿರುತ್ತದೆ. ನೀರು ಹೊಕ್ಕ ಕನೆಕ್ಟರ್ ಅವತ್ತೇ ಕೆಡೋದಿಲ್ಲ. ಆರು ತಿಂಗಳಿಗೆ ಹಸಿರು ಕಿಲುಬು ಹಿಡಿದು, ಒಂದು ದಿನ ಪವರ್ ವಿಂಡೋ, ಇನ್ನೊಂದು ದಿನ ಎಬಿಎಸ್ ದೀಪ, ಮತ್ತೊಂದು ದಿನ ನಡುರಸ್ತೆಯಲ್ಲಿ ಸ್ಟಾರ್ಟೇ ಇಲ್ಲ. ಇಂಥ ಎಷ್ಟೋ ಗಾಡಿಗಳನ್ನು ಇನ್ಶೂರೆನ್ಸ್ ಕಂಪನಿ ಟೋಟಲ್ ಲಾಸ್ ಅಂತ ಬರೆದು ಹರಾಜಿಗೆ ಹಾಕಿರುತ್ತದೆ. ಹರಾಜಲ್ಲಿ ತೆಗೆದುಕೊಂಡವರು ತೊಳೆದು, ಸೆಂಟ್ ಹೊಡೆದು ಬೇರೆ ಊರಿಗೆ ಒಯ್ದು ಮಾರುತ್ತಾರೆ. ಮುಂಬೈಯಲ್ಲಿ ಹಿಂದಮಾತಾ, ಅಂಧೇರಿ ಸಬ್‌ವೇ ಕಡೆ ಪ್ರತಿ ಮಳೆಗಾಲ ನೀರು ನಿಲ್ಲುತ್ತದೆ. 2019ರಲ್ಲಿ ಸಾಂಗಲಿ, ಕೊಲ್ಹಾಪುರ ಮುಳುಗಿದ್ದು ನಮ್ಮ ಕಡೆಯವರಿಗೆ ನೆನಪಿದ್ದೇ ಇದೆ. ಗಾಡಿಯೊಳಗೆ ಸೆಂಟ್ ವಾಸನೆ ಜಾಸ್ತಿ ಇದ್ದರೆ ಕಿಟಕಿ ಮುಚ್ಚಿ, ಎಸಿ ಆರಿಸಿ, ಹತ್ತು ನಿಮಿಷ ಸುಮ್ನೆ ಕೂರಿ. ಒದ್ದೆ ಗೋಣಿಚೀಲದ ವಾಸನೆ ತಾನೇ ಹೊರಗೆ ಬರುತ್ತದೆ.

ಯಾವ ಗಾಡಿ ಅಂತ ಕೇಳಿದರೆ, ನನ್ನ ಅಭಿಪ್ರಾಯ ಇಷ್ಟು. 2016ರಲ್ಲಿ ಬಂದ ವಿಟಾರಾ ಬ್ರೆಝಾ 2020ರ ತನಕ 1.3 ಲೀಟರ್ ಡೀಸೆಲ್‌ನಲ್ಲಿ ಮಾತ್ರ ಸಿಗುತ್ತಿತ್ತು. ಹಳೇ ಎಂಜಿನ್, ಯಾವ ಊರಿನ ಗ್ಯಾರೇಜಿನವರಿಗೂ ಅದರ ನಾಡಿ ಗೊತ್ತು. ನೆಕ್ಸಾನ್ 2017ರಲ್ಲಿ ಬಂತು, 2018ರ ಕೊನೆಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆಯ ಕ್ರ್ಯಾಶ್ ಟೆಸ್ಟಲ್ಲಿ 5 ಸ್ಟಾರ್ ಪಡೆಯಿತು. ಎಕ್ಸ್‌ಯುವಿ300 ಕೂಡ 2020ರಲ್ಲಿ 5 ಸ್ಟಾರ್ ಪಡೆಯಿತು, ಡೀಸೆಲ್ ಎಂಜಿನ್ ಬಲವಾದದ್ದು, ಆದರೆ ಡಿಕ್ಕಿ ಚಿಕ್ಕದು, ನಮ್ಮ ಜೋಳದ ಚೀಲಕ್ಕೆ ಆಗಲಿಲ್ಲ. ಫೋರ್ಡ್‌ನ ಇಕೋಸ್ಪೋರ್ಟ್ ಓಡಿಸೋಕೆ ಬಲು ಮಜಾ. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡೋದು ನಿಲ್ಲಿಸುವುದಾಗಿ ಹೇಳಿದ ಮೇಲೆ ಬೆಲೆ ಬಿದ್ದಿದೆ. ಪುಣೆ, ಮುಂಬೈಯಲ್ಲಿದ್ದರೆ ಯೋಚಿಸಬಹುದು, ಸಣ್ಣ ಊರಿಗೆ ಒಯ್ಯುವುದಾದರೆ ಬೇಡ. 2019ರ ವೆನ್ಯೂ, 2020ರ ಸೋನೆಟ್ ಒಳಗೆ ಕೂತರೆ ಚೆಂದ. ಗೇರ್ ಬಾಕ್ಸ್ ಯಾವುದು ಅಂತ ಮಾತ್ರ ಸರಿಯಾಗಿ ನೋಡಿ.

ಯಾಕೆಂದರೆ ‘ಆಟೋಮ್ಯಾಟಿಕ್’ ಅನ್ನೋ ಒಂದೇ ಪದದಲ್ಲಿ ಬೇರೆ ಬೇರೆ ಯಂತ್ರಗಳು ಅಡಗಿವೆ. ಎಎಂಟಿ ಅಂದರೆ ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ಒತ್ತೋಕೆ, ಗೇರ್ ಬದಲಿಸೋಕೆ ಮನುಷ್ಯನ ಕೈಕಾಲಿನ ಬದಲು ಒಂದು ಯಂತ್ರ. ರಿಪೇರಿ ಅಗ್ಗ, ಸ್ವಲ್ಪ ಜಗ್ಗುತ್ತದೆ. ಟಾರ್ಕ್ ಕನ್ವರ್ಟರ್ ಹಳೇ ಕಾಲದ ಎಣ್ಣೆ ಮೇಲೆ ನಡೆಯುವ ವ್ಯವಸ್ಥೆ, ಗಟ್ಟಿ. ಡಿಸಿಟಿಯಲ್ಲಿ ಎರಡು ಕ್ಲಚ್. ಹೈವೇಯಲ್ಲಿ ಬೆಣ್ಣೆಯ ಹಾಗೆ. ಆದರೆ ವೆನ್ಯೂ ಟರ್ಬೊ ಪೆಟ್ರೋಲ್‌ನಲ್ಲಿ ಇರುವಂಥ ಒಣ ಕ್ಲಚ್ಚಿನ ಡಿಸಿಟಿ ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಠಾಣೆಯ ಘೋಡಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ನಾಲ್ಕು ವರ್ಷ ಓಡಿದ ಡಿಸಿಟಿಯನ್ನು ವಾರಂಟಿ ಇಲ್ಲದೆ ನಾನಂತೂ ತೆಗೆದುಕೊಳ್ಳೋದಿಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಚಡಾವಿನ ಮೇಲೆ ನಿಲ್ಲಿಸಿ, ಬ್ರೇಕ್ ಬಿಟ್ಟು ಮೆಲ್ಲಗೆ ಹತ್ತಿಸಿ. ನಡುಕ ಬಂದರೆ ಇಳಿದುಬಿಡಿ.

ನೋಡೋಕೆ ಹೋಗುವಾಗ ಎಂಜಿನ್ ತಣ್ಣಗಿರಲಿ. ಮುಂಚೆಯೇ ಫೋನ್ ಮಾಡಿ ‘ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಒಳ್ಳೆಯದು ಅಂದುಕೊಳ್ಳಬೇಡಿ, ಆ ದೀಪವನ್ನೇ ಕಿತ್ತಿರಬಹುದು.

ಜಾತ್ರೆಯಲ್ಲಿ ಅಪ್ಪ ಎತ್ತು ಕೊಳ್ಳುವಾಗ ಮಾರುವವನ ಮಾತು ಕೇಳುತ್ತಲೇ ಇರಲಿಲ್ಲ, ಸೀದಾ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಗಾಡಿಯ ಹಲ್ಲು ಅಂದರೆ ಟೈರು. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಮೀಟರ್ 30 ಸಾವಿರ ತೋರಿಸುತ್ತಿದೆ, 2019ರ ಗಾಡಿಗೆ 2022ರಲ್ಲೇ ನಾಲ್ಕೂ ಹೊಸ ಟೈರ್ ಬಿದ್ದಿವೆ ಅಂದರೆ ಮೀಟರ್ ಹಿಂದಕ್ಕೆ ತಿರುಗಿದೆಯಾ ಅಂತ ಕೇಳಲೇಬೇಕು. ಕಿಟಕಿ ಗಾಜುಗಳ ಮೂಲೆಯಲ್ಲೂ ಕಂಪನಿ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಬೇರೆ ಕಂಪನಿಯದ್ದಾದರೆ ಆ ಬದಿಗೆ ಏನಾಯಿತು ಅಂತ ಕೇಳಿ. ಪೆಡಲ್ ರಬ್ಬರ್ ಸವೆತ, ಡ್ರೈವರ್ ಸೀಟಿನ ಬಲ ಅಂಚು ಕುಗ್ಗಿರೋದು, ಇವುಗಳನ್ನು ಹಿಂದಕ್ಕೆ ತಿರುಗಿಸೋಕೆ ಆಗೋದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಕಂಪನಿ ಸರ್ವಿಸ್ ಸೆಂಟರ್‌ನ ದಾಖಲೆ. ಮಾಲೀಕರನ್ನು ಜೊತೆಗೇ ಕರೆದುಕೊಂಡು ಹೋಗಿ ತೆಗೆಸಿ. ಬರೋದಿಲ್ಲ ಅಂದರೆ ಅದೂ ಒಂದು ಉತ್ತರವೇ.

ಕಾಗದ ಪತ್ರ ಬೇಗ ಹೇಳಿಬಿಡುತ್ತೇನೆ, ಆದರೆ ನೀವು ಬೇಗ ನೋಡಬೇಡಿ. ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ, ಎಷ್ಟನೇ ಮಾಲೀಕ, ಸಾಲ ಇದೆಯಾ ನೋಡಿ. ಸಾಲ ಇದ್ದರೆ ಬ್ಯಾಂಕ್ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನೋ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ಹೆಸರು ಬದಲಿಸೋಕೆ ಫಾರ್ಮ್ 29, ಫಾರ್ಮ್ 30. ಬಾಕಿ ಇ-ಚಲನ್ ನೋಡಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಬಂದ ಮೇಲೆ ಎಷ್ಟೋ ಗಾಡಿಗಳ ಮೇಲೆ ಚಲನ್ ರಾಶಿ ಇದೆ. ಹಳೇ ಇನ್ಶೂರೆನ್ಸ್ ಪಾಲಿಸಿ ಕೇಳಿ, ಅದರಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಎಷ್ಟಿದೆ ನೋಡಿ. ಒಬ್ಬರೇ ಮಾಲೀಕರ ಐದು ವರ್ಷದ ಗಾಡಿಗೆ ಸೊನ್ನೆ ಅಂತಿದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ಜಾಸ್ತಿ. ಆ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು, ನಿಮಗೆ ಬರೋದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಗಾಡಿಗೆ ಪೆಟ್ಟಾದಾಗ ಕ್ಲೇಮ್ ನಿರಾಕರಿಸೋಕೆ ಕಂಪನಿಗೆ ಅದೊಂದೇ ನೆಪ ಸಾಕು.

ನಮ್ಮಂಥವರಿಗೆ ಇನ್ನೊಂದು ಲೆಕ್ಕ ಇದೆ. ‘ಇನ್ನೆರಡು ವರ್ಷ ಅಷ್ಟೇ, ಆಮೇಲೆ ಊರಿಗೆ’ ಅಂತ ನಾವೆಲ್ಲ ಹತ್ತು ವರ್ಷದಿಂದ ಹೇಳುತ್ತಿದ್ದೇವೆ. ನಿಜವಾಗಲೂ ಹೋಗುವುದಾದರೆ ಎಂಎಚ್ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಡುವಾಗ ಅಲ್ಲಿನ ನಂಬರ್ ಮಾಡಿಸಲೇಬೇಕು. ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಅಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್‌ಟೈಮ್ ಟ್ಯಾಕ್ಸ್, ಆಮೇಲೆ ಇಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸ್ ಕೇಳುವ ಅಲೆದಾಟ. ಬೆಳಗಾವಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೆಎ 22 ಗಾಡಿ ಪುಣೆಗೆ ತರುವವರಿಗೂ ಇದೇ ಕಥೆ, ದಿಕ್ಕು ಮಾತ್ರ ಬೇರೆ. ಬೆಲೆ ಮಾತಾಡುವಾಗಲೇ ಇದನ್ನು ಸೇರಿಸಿಕೊಳ್ಳಿ.

ನಾನು ಕೊನೆಗೆ ತೆಗೆದುಕೊಂಡದ್ದು 2019ರ ಬ್ರೆಝಾ ಡೀಸೆಲ್, ಎಂಎಚ್ 14, ಮೀಟರ್ 91 ಸಾವಿರ. ಭಾವ ಮೂಗು ಮುರಿದರು. ಚಿಂಚವಡದ ಮಾಲೀಕರು ಪ್ರತಿ ತಿಂಗಳು ಸೊಲ್ಲಾಪುರಕ್ಕೆ ಹೋಗಿ ಬರುತ್ತಿದ್ದವರು, ಎಲ್ಲ ಬಿಲ್‌ಗಳನ್ನೂ ಫೈಲಲ್ಲಿ ಸಾಲಾಗಿ ಇಟ್ಟಿದ್ದರು. ಗಾಡಿ ಕೈಗೆ ಬರುವಾಗ ಒಂದು ಹಾಳೆಯ ಮೇಲೆ ತಾರೀಕು, ಗಂಟೆ, ಮೀಟರ್ ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿದೆವು. ಆ ಹೊತ್ತಿನ ಮುಂಚಿನ ಚಲನ್ ಅವರದ್ದು, ಆಮೇಲಿನದ್ದು ನನ್ನದು. ಇಷ್ಟೆಲ್ಲ ಜಾಣತನ ಮಾಡಿ ನಾನು ಒಂದನ್ನು ಮರೆತಿದ್ದೆ. ಮೊದಲ ಸಲ ಊರಿಗೆ ಹೊರಟು ಖೇಡ್ ಶಿವಾಪುರ, ಆನೆವಾಡಿ, ತಾಸವಡೆ ಟೋಲ್ ಆರಾಮಾಗಿ ದಾಟಿದೆ. ಕಿಣಿ ಟೋಲ್ ಹತ್ತಿರ ಹಳೇ ಮಾಲೀಕರ ಫೋನ್. ಗಾಜಿನ ಮೇಲೆ ಇನ್ನೂ ಅವರದ್ದೇ ಫಾಸ್ಟ್ಯಾಗ್ ಇತ್ತು, ದುಡ್ಡು ಅವರ ಅಕೌಂಟ್‌ನಿಂದ ಹೋಗುತ್ತಿತ್ತು. “ಊರಿಗೆ ಹೊರಟಿರಾ?” ಅಂತ ನಗುತ್ತಾ ಕೇಳಿದರು.